ಖಾಲಿ ಕುರ್ಚಿಗಳ ಬಗ್ಗೆ ಹದಿನೇಳು ಶಾಸಕರಿಗೆ ಒಂದು ಪತ್ರ

24 ಏಪ್ರಿಲ್ 2025

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹದಿನೇಳು ಮಂದಿ ಶಾಸಕರಿಗೆ,

ಸಿಂಧನೂರು ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕಿಯ ನಮಸ್ಕಾರಗಳು.

ನಿಮ್ಮಲ್ಲಿ ಯಾರ ಪರಿಚಯವೂ ನನಗಿಲ್ಲ. ಆದರೆ ವೋಟು ಹಾಕಿದ ಬೆರಳುಗಳ ಪರಿಚಯ ಚೆನ್ನಾಗಿದೆ. 36 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದೆ. ಆ 36 ವರ್ಷವೂ ಎಲೆಕ್ಷನ್ ಡ್ಯೂಟಿ ತಪ್ಪಲಿಲ್ಲ. ಮತದಾನದ ಹಿಂದಿನ ದಿನ, ಮಸ್ಟರಿಂಗ್ ಅಂತಾರೆ, ಬೂತಿನ ಸಾಮಾನು ಎಣಿಸಿಕೊಂಡು ಬಸ್ಸು ಹತ್ತುವುದು, ಗೊತ್ತಿಲ್ಲದ ಊರಿನ ಶಾಲೆಯ ನೆಲದ ಮೇಲೆ ಮಲಗುವುದು, ನಸುಕಿನಲ್ಲೇ ಎದ್ದು ಬೂತು ಸಜ್ಜು ಮಾಡುವುದು. ಸಂಜೆ ಹೊತ್ತಿಗೆ ನನ್ನ ಕೈಬೆರಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿರುತ್ತಿತ್ತು. ಮೈಸೂರಿನಲ್ಲಿ ತಯಾರಾಗುವ ಆ ಶಾಯಿ ಅಷ್ಟು ಬೇಗ ಹೋಗುವುದಿಲ್ಲ. ಮಾರನೇ ದಿನ ಕ್ಲಾಸಿನಲ್ಲಿ ಮಕ್ಕಳು ನನ್ನ ಕೈ ಹಿಡಿದು ನೋಡುತ್ತಿದ್ದರು. ನನಗೆ ಹೆಮ್ಮೆ ಅನ್ನಿಸುತ್ತಿತ್ತು.

ಇವತ್ತು ಪಂಚಾಯತ್ ರಾಜ್ ದಿನ. 1993ರಲ್ಲಿ ಇದೇ ದಿನ, ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂತು. ಅದಕ್ಕೇ ಇವತ್ತು ಬರೆಯಲು ಕೂತೆ. ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಗೆ, ತಾಲ್ಲೂಕು ಪಂಚಾಯಿತಿಗೆ ಕೊನೆಯ ಸಲ ಚುನಾವಣೆ ಆಗಿದ್ದು 2016ರ ಫೆಬ್ರುವರಿಯಲ್ಲಿ. ಐದು ವರ್ಷದ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ಕಳೆದವು. ಚುನಾವಣೆ ಇಲ್ಲ, ಸದಸ್ಯರಿಲ್ಲ, ಅಧ್ಯಕ್ಷರಿಲ್ಲ. ಆಡಳಿತಾಧಿಕಾರಿ ಇದ್ದಾರೆ. ಕಟ್ಟಡ ಇದೆ, ಬೋರ್ಡು ಇದೆ, ಜೀಪು ಇದೆ. ಸಭೆಯ ಹಾಲ್‌ನಲ್ಲಿ ಜನ ಆರಿಸಿ ಕಳಿಸಿದವರು ಒಬ್ಬರೂ ಇಲ್ಲ.

ಆ 2016ರ ಡ್ಯೂಟಿ ನನಗೆ ನಿನ್ನೆ ಮೊನ್ನೆಯದರ ಹಾಗೆ ನೆನಪಿದೆ. ಮೆಣಸಿನಕಾಯಿ ಬಿಡಿಸುವ ಕಾಲ. ಹೆಣ್ಣುಮಕ್ಕಳು ಹೊಲದಿಂದ ನೇರವಾಗಿ ಬಂದು ಸಾಲಿನಲ್ಲಿ ನಿಂತಿದ್ದರು, ಕೈಯೆಲ್ಲ ಖಾರ. ಒಬ್ಬ ವಯಸ್ಸಾದ ತಾಯಿ ಬೆರಳು ಚಾಚಿ ಕೇಳಿದಳು: "ಅಕ್ಕೋರ, ಎರಡು ವೋಟು ಯಾಕ್ರಿ?" ಒಂದು ತಾಲ್ಲೂಕಿಗೆ, ಒಂದು ಜಿಲ್ಲೆಗೆ ಅಂತ ಹೇಳಿದೆ. "ಹಂಗಾರ ನಮ್ಮೂರ ರಸ್ತಾ ಯಾರ ಕೈಯಾಗ ಐತ್ರಿ?" ಅಂದಳು. ಡ್ಯೂಟಿಯಲ್ಲಿ ಅಷ್ಟೆಲ್ಲ ಮಾತಾಡಬಾರದು. ನಕ್ಕು ಸುಮ್ಮನಾದೆ. ಆದರೆ ಅವತ್ತು ಆ ಪ್ರಶ್ನೆಗೆ ಒಂದು ಉತ್ತರ ಇತ್ತು. ಅವಳು ಆರಿಸುವ ಇಬ್ಬರ ಕೈಯಲ್ಲಿ ಅಷ್ಟೋ ಇಷ್ಟೋ ಇತ್ತು. ಇವತ್ತು ಅದೇ ತಾಯಿ ಬಂದು ಕೇಳಿದರೆ ನಾನು ಯಾರ ಹೆಸರು ಹೇಳಲಿ?

ಪ್ರಜಾಪ್ರಭುತ್ವ ಸೊರಗುತ್ತಿದೆಯೇ ಎಂದು ದೊಡ್ಡ ಊರುಗಳಲ್ಲಿ ಜೋರು ಚರ್ಚೆ ನಡೆಯುತ್ತದೆ. ದೇಶದೇಶಗಳ ಪ್ರಜಾಪ್ರಭುತ್ವ ಅಳೆಯುವ ಸ್ವೀಡನ್ನಿನ ವಿ-ಡೆಮ್ ಸಂಸ್ಥೆ 2021ರ ವರದಿಯಲ್ಲಿ ಭಾರತವನ್ನು ಚುನಾವಣೆ ನಡೆಸುವ ಸರ್ವಾಧಿಕಾರಗಳ ಪಟ್ಟಿಗೆ ಸೇರಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಟಿವಿಯಲ್ಲಿ ಎರಡೂ ಕಡೆಯವರು ಕೂಗಾಡಿದರು. ದಿಲ್ಲಿಯ ವಿಷಯ ಇಲ್ಲಿ ಕೂತು ತೂಗುವಷ್ಟು ನನಗೆ ಗೊತ್ತಿಲ್ಲ. ಆದರೆ ನಮ್ಮ ತಾಲ್ಲೂಕಿನದು ಗೊತ್ತು. ಇಲ್ಲಿ ಯಾರೂ ಯಾರನ್ನೂ ಜೈಲಿಗೆ ಹಾಕಲಿಲ್ಲ, ಗಲಾಟೆ ಆಗಲಿಲ್ಲ, ತುರ್ತು ಪರಿಸ್ಥಿತಿ ಅಂತ ರೇಡಿಯೋದಲ್ಲಿ ಹೇಳಲಿಲ್ಲ. ಚುನಾವಣೆ ಆಗಬೇಕಾದ ದಿನ ಬಂತು, ಆಗಲಿಲ್ಲ, ನಾವೆಲ್ಲ ಸುಮ್ಮನೆ ಇದ್ದೆವು. ನನಗೆ ಭಯ ಆಗುವುದು ಈ ಸುಮ್ಮನಿರುವಿಕೆಯ ಬಗ್ಗೆ.

ಕಳೆದ ಸೆಪ್ಟೆಂಬರ್ 15ರಂದು ಬೀದರ್‌ನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಮಾನವ ಸರಪಳಿ ಮಾಡಿದರಲ್ಲ, ಅದರಲ್ಲಿ ನಾನೂ ನಿಂತಿದ್ದೆ. ರಿಟೈರ್ ಆದವಳು ಬರಬೇಕೆಂದೇನೂ ಇರಲಿಲ್ಲ, ನಾನಾಗಿಯೇ ಹೋದೆ. ನನ್ನ ಎಡಗೈ ಹಿಡಿದಿದ್ದದ್ದು ಏಳನೇ ಕ್ಲಾಸಿನ ಹುಡುಗಿ. ಸಂವಿಧಾನದ ಪೀಠಿಕೆ ಓದಿದೆವು. ಭಾರತದ ಜನರಾದ ನಾವು ಎಂದು ಶುರುವಾಗುವ ಆ ಸಾಲು ಆ ಹುಡುಗಿಗೆ ಬಾಯಿಪಾಠ. ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಆದರೆ ಸರಪಳಿ ಮುಗಿದು ಮನೆಗೆ ಹೋಗುವಾಗ ಅವಳು ಒಂದು ಮಾತು ಕೇಳಿದಳು. "ಅಕ್ಕೋರ, ಪುಸ್ತಕದಾಗ ತಾಲ್ಲೂಕು ಪಂಚಾಯಿತಿ ಅಧ್ಯಕ್ಷರು ಅಂತ ಐತಲ್ರಿ, ನಮ್ಮ ತಾಲ್ಲೂಕಿಗೆ ಯಾರು?" ನಾನು ಪಾಠ ಮಾಡಿದ್ದು ಅದನ್ನೇ. ಗ್ರಾಮ, ತಾಲ್ಲೂಕು, ಜಿಲ್ಲೆ ಎಂದು ಬೋರ್ಡಿನ ಮೇಲೆ ಮೂರು ಮೆಟ್ಟಿಲು ಬರೆದು ತೋರಿಸುತ್ತಿದ್ದೆ. ಈಗ ಎರಡು ಮೆಟ್ಟಿಲು ಇಲ್ಲ. ಪುಸ್ತಕದಲ್ಲಿ ಇನ್ನೂ ಇವೆ.

ನಮ್ಮ ಕಡೆಯವರಿಗೆ ವೋಟು ಅನ್ನುವುದು ಯಾರೋ ಸುಮ್ನೆ ಕೊಟ್ಟು ಹೋದದ್ದಲ್ಲ. ನಿಮಗೂ ಗೊತ್ತು. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತು. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳದ ಜನ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ರಜಾಕಾರರ ಕಾಲದ ಕತೆಗಳನ್ನು ಕೇಳದ ಮನೆ ಇಲ್ಲಿ ಕಡಿಮೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು. ನಮ್ಮ ಅಜ್ಜಿ ಮೊದಲ ಸಲ ವೋಟು ಹಾಕಿದ್ದು 1952ರಲ್ಲಿ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ಆ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಯಿತು. ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದ್ದರು, ಸ್ವಂತ ಹೆಸರು ಕೊಡಲಿಲ್ಲ. ನಮ್ಮ ಅಜ್ಜಿ ಹೆಸರು ಹೇಳಿದ್ದಳು. "ನನ್ನ ಹೆಸರು ಸರಕಾರದ ಕಾಗದದಾಗ ಬಂದಿದ್ದು ಅದ ಮೊದಲು" ಅಂತ ಸಾಯುವವರೆಗೂ ಹೇಳಿಕೊಂಡಳು.

ನನ್ನ ಮೊದಲ ಡ್ಯೂಟಿ 1987ರ ಜನವರಿಯಲ್ಲಿ. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ನಡೆದ ಚುನಾವಣೆ ಅದು. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರಲ್ಲಿ ಕಾನೂನು ತಂದಿತ್ತು. ಅದರ ಹಿಂದೆ ಓಡಾಡಿದವರು ಮಂತ್ರಿ ಅಬ್ದುಲ್ ನಜೀರ್‌ಸಾಬ್. ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್‌ಸಾಬ್ ಅನ್ನುತ್ತಿದ್ದರು. ಆ ಕಾನೂನಿನಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲು. ಇಡೀ ದೇಶ ನಮ್ಮನ್ನು ನೋಡಿ ಕಲಿಯಿತು. ಕರ್ನಾಟಕ ಮಾಡಿ ತೋರಿಸಿದ್ದನ್ನು ಆಮೇಲೆ ಸಂವಿಧಾನದಲ್ಲೇ ಸೇರಿಸಿದರು. ಅಂಥ ರಾಜ್ಯ ಇದು. ಅದಕ್ಕೇ ನನಗೆ ನೋವು ಜಾಸ್ತಿ.

ಹಿಂದೆ ಒಮ್ಮೆ ಹೀಗೇ ಆಗಿತ್ತು. 1987ರಲ್ಲಿ ಗೆದ್ದವರ ಅವಧಿ 1992ರಲ್ಲಿ ಮುಗಿದಾಗ ಸಮಯಕ್ಕೆ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಇಂಥದ್ದು ಮತ್ತೆ ಆಗಬಾರದು ಎಂದೇ ಸಂವಿಧಾನದಲ್ಲಿ 243ಇ ವಿಧಿ ಬಂದಿದ್ದು. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಅಷ್ಟು ಸ್ಪಷ್ಟ. ಎಸ್ಸೆಸ್ಸೆಲ್ಸಿ ಓದಿದವರಿಗೂ ಅರ್ಥ ಆಗುತ್ತದೆ.

ಕಾರಣಗಳನ್ನೂ ಕೇಳಿದ್ದೇನೆ. ಮೊದಲು ಕೊರೊನಾ ಅಂದರು, ಒಪ್ಪಿದೆವು. ಆದರೆ ಅದೇ ಕೊರೊನಾ ವರ್ಷ, 2020ರ ಡಿಸೆಂಬರ್‌ನಲ್ಲಿ, ಗ್ರಾಮ ಪಂಚಾಯಿತಿ ಚುನಾವಣೆ ಮಾಡಿದ್ದೇವೆ. ಮೂಗಿಗೆ ಮಾಸ್ಕು ಕಟ್ಟಿಕೊಂಡು ಡ್ಯೂಟಿ ಮಾಡಿದವಳು ನಾನೇ. ಆಮೇಲೆ ಕ್ಷೇತ್ರ ವಿಂಗಡಣೆ ಅಂದರು. ಚುನಾವಣಾ ಆಯೋಗದ ಕೈಯಲ್ಲಿದ್ದ ಆ ಕೆಲಸವನ್ನು ಕಾನೂನು ತಿದ್ದಿ ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ಹಿಂದುಳಿದ ವರ್ಗದ ಮೀಸಲಾತಿ ಅಂದರು. ಮೀಸಲಾತಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಂಗಡಣೆ, ಮೀಸಲಾತಿ ಅಂತ ಚುನಾವಣೆ ಮುಂದೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಮಧ್ಯಪ್ರದೇಶದ ಕೇಸಿನಲ್ಲಿ ಹೇಳಿದೆ. ಅವಧಿ ಮುಗಿಯುವುದರೊಳಗೆ ಚುನಾವಣೆ ಮಾಡಲೇಬೇಕು ಎಂದು 2006ರಲ್ಲೇ ಹೇಳಿತ್ತು. ನಮ್ಮ ಹೈಕೋರ್ಟಿನಲ್ಲೂ ಕೇಸು ವರ್ಷಗಟ್ಟಲೆ ನಡೆಯಿತು.

ಇದನ್ನು ಒಂದು ಪಕ್ಷದ ತಲೆಗೆ ಕಟ್ಟಲು ನಾನು ಬರೆಯುತ್ತಿಲ್ಲ. 2021ರಲ್ಲಿ ಅವಧಿ ಮುಗಿದಾಗ ಬಿಜೆಪಿ ಸರ್ಕಾರ ಇತ್ತು, ಎರಡು ವರ್ಷ ಮಾಡಲಿಲ್ಲ. 2023ರ ಮೇನಲ್ಲಿ ಕಾಂಗ್ರೆಸ್ ಸರ್ಕಾರ ಬಂತು, ಅವರದ್ದೂ ಎರಡು ವರ್ಷ ಆಗುತ್ತ ಬಂತು. ನಿಮ್ಮ ಹದಿನೇಳು ಜನರಲ್ಲಿ ಬೇರೆ ಬೇರೆ ಪಕ್ಷದವರಿದ್ದೀರಿ. ಬೇರೆಲ್ಲ ವಿಷಯಕ್ಕೆ ಸದನದಲ್ಲಿ ಜಗಳ ಆಡುತ್ತೀರಿ. ಈ ಒಂದು ವಿಷಯದಲ್ಲಿ ಮಾತ್ರ ಎಲ್ಲರಿಗೂ ಆತುರವಿಲ್ಲ.

ಈಗ ನಿಮಗೆ ಒಬ್ಬ ಹೆಣ್ಣುಮಗಳ ಬಗ್ಗೆ ಹೇಳಬೇಕು. ಹೆಸರು, ಊರು ಬರೆಯುವುದಿಲ್ಲ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಏಳನೇ ಕ್ಲಾಸಿಗೆ ಓದು ಬಿಟ್ಟಳು. ದಲಿತರ ಮನೆಯ ಹುಡುಗಿ, ಕೂಲಿಯೇ ಜೀವನ. 2016ರಲ್ಲಿ ಅವರ ತಾಲ್ಲೂಕು ಪಂಚಾಯಿತಿ ಕ್ಷೇತ್ರ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾಯಿತು. ಊರಿನ ದೊಡ್ಡವರು, ಇವಳಾದರೆ ನಾವು ಹೇಳಿದ ಹಾಗೆ ಕೇಳುತ್ತಾಳೆ ಎಂದು ನಿಲ್ಲಿಸಿದರು. ಗೆದ್ದಳು. ಮೊದಲ ವರ್ಷ ಸಭೆಗೆ ಗಂಡನೂ ಬರುತ್ತಿದ್ದ, ಬಾಗಿಲ ಹೊರಗೆ ನಿಂತು ಸನ್ನೆ ಮಾಡುತ್ತಿದ್ದ. ಇವಳು ಸೆರಗು ಸರಿಮಾಡಿಕೊಂಡು ಸೈನ್ ಹಾಕಿ ಬರುತ್ತಿದ್ದಳು. ಅಧ್ಯಕ್ಷೆಯ ಗಂಡ, ಸದಸ್ಯೆಯ ಗಂಡ ಆಳುತ್ತಾನೆ ಅಂತ ಎಲ್ಲರೂ ಹೇಳುತ್ತೇವಲ್ಲ, ಹಾಗೇ.

ಆದರೆ ಅವಳು ಕೇಳಿಸಿಕೊಳ್ಳುತ್ತಿದ್ದಳು. ಎರಡನೇ ವರ್ಷ ನನ್ನ ಮನೆಗೆ ಒಂದು ಫೈಲು ಹಿಡಿದುಕೊಂಡು ಬಂದಳು. "ಅಕ್ಕೋರ, ಇದರಾಗ ಎಸ್ಟಿಮೇಟ್ ಅಂದ್ರ ಏನ್ರಿ?" ಎಂದಳು. ಹೇಳಿಕೊಟ್ಟೆ. ಮೂರನೇ ವರ್ಷ ಸಭೆಯಲ್ಲಿ ಎದ್ದು ನಿಂತು, ನಮ್ಮೂರ ಅಂಗನವಾಡಿ ಕಟ್ಟಡಕ್ಕೆ ಬಂದ ದುಡ್ಡಿನ ಎಸ್ಟಿಮೇಟ್ ತೋರಿಸಿ ಎಂದು ಇಂಜಿನಿಯರ್‌ಗೆ ಕೇಳಿದಳು. ಅವತ್ತು ಸಂಜೆ ಊರಲ್ಲಿ ಅದೇ ಮಾತು. ಆಮೇಲೆ ಗಂಡ ಸಭೆಗೆ ಬರುವುದನ್ನು ಬಿಟ್ಟ. ಅಂಗನವಾಡಿಗೆ ಚಾವಣಿ ಬಿತ್ತು. ನಾಲ್ಕನೇ ವರ್ಷ, ಐದನೇ ವರ್ಷ ಅವಳ ಮನೆ ಮುಂದೆ ಬೆಳಗ್ಗೆ ಜನ ಬಂದು ನಿಲ್ಲುತ್ತಿದ್ದರು. ಪಿಂಚಣಿ ಬಂದಿಲ್ಲ, ನಲ್ಲಿ ಬರುತ್ತಿಲ್ಲ, ಹಾಸ್ಟೆಲ್ ಸೀಟು ಸಿಕ್ಕಿಲ್ಲ. ಅವಳನ್ನು ಆರಿಸಿದ್ದು ಸುಮಾರು ಹತ್ತು ಸಾವಿರ ಜನಸಂಖ್ಯೆಯ ಕ್ಷೇತ್ರ. ಸಂತೆಯಲ್ಲಿ ಸಿಗುತ್ತಾಳೆ, ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾಳೆ. ನಿಲ್ಲಿಸಿ ಕೇಳಬಹುದು, ಬೈಯಲೂಬಹುದು.

2021ರಲ್ಲಿ ಅವಧಿ ಮುಗಿಯಿತು. ಈಗ ಅವಳು ಮತ್ತೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆ. ದುಡಿಮೆ ಕೀಳಲ್ಲ. ಆದರೆ ಐದು ವರ್ಷ ಕಷ್ಟಪಟ್ಟು ಕಲಿತದ್ದನ್ನು ಎಲ್ಲಿಗೆ ಒಯ್ಯಬೇಕು ಅವಳು? ಕರ್ನಾಟಕದಲ್ಲಿ ಪಂಚಾಯಿತಿ ಸ್ಥಾನಗಳಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಜಿಲ್ಲಾ ಪಂಚಾಯಿತಿಯವು ಸಾವಿರಕ್ಕೂ ಜಾಸ್ತಿ ಸ್ಥಾನ, ತಾಲ್ಲೂಕು ಪಂಚಾಯಿತಿಯವು ಹತ್ತಿರ ಹತ್ತಿರ ನಾಲ್ಕು ಸಾವಿರ. ಎರಡೂ ಸೇರಿಸಿ ಅರ್ಧ ಮಾಡಿ ನೋಡಿ. ನಾಲ್ಕು ವರ್ಷದಿಂದ ಅಷ್ಟು ಹೆಣ್ಣುಮಕ್ಕಳ ಕುರ್ಚಿ ಖಾಲಿ ಇದೆ. ವಿಧಾನಸಭೆಯಲ್ಲಿ ಹೆಂಗಸರು ಎಷ್ಟು ಜನ ಇದ್ದಾರೆ ಅನ್ನುವುದು ನಿಮಗೇ ಗೊತ್ತು. ಅಲ್ಲಿಗೆ ಏರುವ ಮೆಟ್ಟಿಲೇ ಇದಾಗಿತ್ತು.

ಹಳ್ಳಿಯ ಪಂಚಾಯಿತಿ ಬಗ್ಗೆ ಬಾಬಾಸಾಹೇಬ ಅಂಬೇಡ್ಕರರಿಗೆ ದೊಡ್ಡ ಅನುಮಾನ ಇತ್ತು. ಊರಿನ ಜಾತಿ ಬಲವೇ ಅಲ್ಲಿ ಆಳುತ್ತದೆ ಅನ್ನುವ ಭಯ ಅದು. ಆ ಭಯ ಸುಳ್ಳಲ್ಲ ಅನ್ನುವುದಕ್ಕೆ ನಾವು ದೂರ ಹೋಗಬೇಕಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿ ಇದೆ. ಕ್ಷೌರದ ಅಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಡುವ ವಿಷಯ ಅಲ್ಲಿ ಜಗಳದ ಮೂಲ. 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಕೇಸು ಮುಂದೆ ಹೈಕೋರ್ಟಿಗೆ ಹೋಗಿದೆ, ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನನ್ನ ಮಾತು ಬೇರೆ. ಹೋಟೆಲಿನ ಕುರ್ಚಿಯಲ್ಲಿ ಕೂರುವುದೇ ಜಗಳವಾಗುವ ಈ ಸೀಮೆಯಲ್ಲಿ, ಅದೇ ಜಾತಿಯ ಹೆಣ್ಣುಮಗಳು ತಾಲ್ಲೂಕು ಪಂಚಾಯಿತಿಯ ಕುರ್ಚಿಯಲ್ಲಿ ಕೂತು ಊರ ಗೌಡರ ಅರ್ಜಿಗೆ ಸೈನ್ ಹಾಕುವುದು ಸಣ್ಣ ಸಂಗತಿಯೇ? ಅಂಬೇಡ್ಕರರ ಭಯಕ್ಕೆ 73ನೇ ತಿದ್ದುಪಡಿ ಕೊಟ್ಟ ಉತ್ತರವೇ ಅದು. ಮೀಸಲಾತಿ ಸರದಿಯಂತೆ ಸುತ್ತುತ್ತದೆ, ಇವತ್ತಲ್ಲ ನಾಳೆ ಎಲ್ಲರ ಸರದಿ ಬರುತ್ತದೆ. ಚುನಾವಣೆಯೇ ನಿಂತರೆ ಆ ಸರದಿಯೂ ನಿಂತ ಹಾಗೆ.

ಇನ್ನು ನಮ್ಮ ಮೂರು ಜಿಲ್ಲೆಗಳನ್ನೇ ನೋಡಿ.

ಈ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಊರಿನ ಮಗ್ಗುಲಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಎಂದು ಸಾವಿರಾರು ಜನ ಬೀದಿಗೆ ಬಂದರು. ಗವಿಮಠದ ಸ್ವಾಮೀಜಿ ಎದ್ದು ನಿಂತು ಮಾತಾಡಿದ ಮೇಲೆ ರಾಜ್ಯಕ್ಕೆಲ್ಲ ಸುದ್ದಿ ಮುಟ್ಟಿತು. ಸ್ವಾಮೀಜಿಯವರ ಮೇಲೆ ನನಗೆ ಗೌರವ ಇದೆ. ಅವರು ಮಾತಾಡಿದ್ದು ಒಳ್ಳೆಯದೇ ಆಯಿತು. ಆದರೆ ಯೋಚಿಸಿ. ಕಾರ್ಖಾನೆ ಬರುವ ವಿಷಯ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಘೋಷಣೆಯಾಯಿತು. ಆ ಹೊತ್ತಿಗೆ ಕೊಪ್ಪಳ ಜಿಲ್ಲೆಯ ಮಾತು ಹೇಳಲು ಚುನಾಯಿತ ಜಿಲ್ಲಾ ಪಂಚಾಯಿತಿ ಇರಲಿಲ್ಲ. ಇದ್ದಿದ್ದರೆ ಅಲ್ಲಿ ಚರ್ಚೆ ಆಗುತ್ತಿತ್ತು, ಪರ ವಿರೋಧ ಎರಡೂ ಬರುತ್ತಿತ್ತು, ಒಂದು ನಿರ್ಣಯ ಬರೆದು ಕಳಿಸಬಹುದಿತ್ತು. ಸಭೆ ಇಲ್ಲದ ಕಡೆ ಜನ ಮಠಕ್ಕೆ ಹೋಗುತ್ತಾರೆ, ಇಲ್ಲವೇ ಬೀದಿಗೆ ಬರುತ್ತಾರೆ.

ರಾಯಚೂರಿನಲ್ಲಿ ಏಮ್ಸ್ ಬೇಕು ಎಂದು 2022ರ ಮೇ 13ರಿಂದ ಧರಣಿ ಕೂತಿದ್ದಾರೆ. ಸಾವಿರ ದಿನ ದಾಟಿದೆ. ನಮ್ಮ ಜನಕ್ಕೆ ರಾಜಕೀಯ ಬೇಡವಾಗಿದೆ, ದುಡ್ಡಿಗೆ ಬಿದ್ದಿದ್ದಾರೆ ಎಂದು ಯಾರಾದರೂ ಹೇಳಿದರೆ ನಾನು ಆ ಟೆಂಟನ್ನು ತೋರಿಸುತ್ತೇನೆ. ಬಿಸಿಲಿಗೆ ಹೆಸರಾದ ಊರಿನಲ್ಲಿ ಸಾವಿರ ದಿನ ಸಮಾಧಾನವಾಗಿ ಕೂರುವುದು ಸುಮ್ನೆ ಅಲ್ಲ.

ಮಸ್ಕಿಯನ್ನೂ ನೆನೆಯಬೇಕು. 2018ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಗೆಲುವಿನ ಅಂತರ ಬರೀ 213 ವೋಟು. ಗೆದ್ದವರು ಪಕ್ಷ ಬಿಟ್ಟರು, 2019ರ ಜುಲೈನಲ್ಲಿ ಅನರ್ಹರಾದರು. ಉಪಚುನಾವಣೆ ನಡೆದಿದ್ದು 2021ರ ಏಪ್ರಿಲ್ 17ರಂದು. ಕೋರ್ಟಿನಲ್ಲಿ ತಕರಾರು ಇತ್ತು, ನಿಜ. ಆದರೆ ಫಲಿತಾಂಶ ಬರುವವರೆಗೆ ಸುಮಾರು 21 ತಿಂಗಳು ಮಸ್ಕಿಗೆ ಶಾಸಕರೇ ಇರಲಿಲ್ಲ. ಆ ದಿನಗಳಲ್ಲೇ ಪಾಮನಕಲ್ಲೂರಿನಲ್ಲಿ ರೈತರು ಹೊಲಕ್ಕೆ ನೀರು ತರುವ 5ಎ ಕಾಲುವೆಗಾಗಿ ಧರಣಿ ಕೂತಿದ್ದರು. ಕೊನೆಗೆ ವೋಟು ಹಾಕುವ ದಿನ ಬಂದಾಗ ಜನ ಏನು ಮಾಡಿದರು? ಪಕ್ಷ ಬದಲಿಸಿ ಬಂದವರನ್ನು ಮೂವತ್ತು ಸಾವಿರಕ್ಕೂ ಜಾಸ್ತಿ ವೋಟಿನಿಂದ ಸೋಲಿಸಿದರು. ನನಗೆ ಇದು ಪಕ್ಷದ ಸೋಲು ಗೆಲುವಿನ ಕತೆಯಲ್ಲ. ವೋಟು ಕೈಗೆ ಬಂದರೆ ನಮ್ಮ ಜನ ಲೆಕ್ಕ ಕೇಳುತ್ತಾರೆ ಅನ್ನುವುದಕ್ಕೆ ಸಾಕ್ಷಿ. ಆ ವೋಟೇ ಕೈಗೆ ಬಾರದ ಹಾಗಾದರೆ?

ಹಾಗಾದಾಗ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇನೆ. 2020ರ ಡಿಸೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಗ್ರಾಮ ಪಂಚಾಯಿತಿ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಪೇಪರಿನಲ್ಲಿ ಬಂತು. ಲಕ್ಷಗಟ್ಟಲೆ ಕೂಗಿದವರು ಅವಿರೋಧ ಸದಸ್ಯರು. ಹೀಗೆ ಮಾಡುವುದು ಅಪರಾಧ ಎಂದು ರಾಜ್ಯ ಚುನಾವಣಾ ಆಯೋಗ ಎಚ್ಚರಿಸಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಹರಾಜಿನ ದುಡ್ಡು ಊರಿನ ಒಳ್ಳೆಯ ಕೆಲಸಕ್ಕೇ ಹೋಗಲಿ, ಆದರೂ ಅಲ್ಲಿ ಮಾರಿದ್ದು ಏನನ್ನು? ನಮ್ಮ ಅಜ್ಜಿ ಹೆಸರು ಹೇಳಿ ಪಡೆದುಕೊಂಡದ್ದನ್ನು ಅಲ್ವಾ?

ವೋಟಿಗೆ ನೋಟು ತಗೊಳ್ಳುವ ಬಗ್ಗೆಯೂ ಒಂದು ಮಾತು. ಒಬ್ಬ ಹೆಣ್ಣುಮಗಳಿಗೆ ಯಾಕವ್ವ ತಗೊಂಡಿ ಅಂತ ನಾನೇ ಬೈದಿದ್ದೆ. "ಅಕ್ಕೋರ, ಐದು ವರ್ಷಕ್ಕೊಮ್ಮೆ ನಮ್ಮ ಕೈಗೆ ಬರೋದು ಇಷ್ಟ ಐತಿ" ಅಂದಳು. ತಪ್ಪು ಅವಳದ್ದೂ ಇದೆ, ನಾನು ಮುಚ್ಚಿಡುವುದಿಲ್ಲ. ಆದರೆ ಆರಿಸಿದವರು ಕೈಗೆಟುಕುವ ಹಾಗಿದ್ದರೆ ವೋಟಿಗೆ ಬೇರೆ ಬೆಲೆ ಬರುತ್ತದೆ. ಅಂಗನವಾಡಿಯ ಚಾವಣಿಯ ಬೆಲೆ, ನಲ್ಲಿ ನೀರಿನ ಬೆಲೆ. ಎರಡು ಲಕ್ಷ ಮತದಾರರ ಮೇಲೆ ಒಬ್ಬರೇ ಶಾಸಕರಿದ್ದು, ನಡುವೆ ಯಾರೂ ಇಲ್ಲದಿದ್ದರೆ, ಗುಳೆ ಹೋಗಿ ಬಂದ ಕುಟುಂಬಕ್ಕೆ ನಿಮ್ಮನ್ನು ನೋಡುವುದು ಎಲ್ಲಿ ಸಾಧ್ಯ? ಅವರಿಗೆ ಕಾಣುವುದು ಚುನಾವಣೆಯ ಹಿಂದಿನ ರಾತ್ರಿಯ ಲಕೋಟೆ ಮಾತ್ರ.

ಇನ್ನೂ ಒಂದು ವಿಷಯ ನಿಮ್ಮ ಗಮನಕ್ಕೆ ಬಂದಿದೆಯೋ ಇಲ್ಲವೋ. ಮಸ್ಕಿ, ಸಿರವಾರ, ಕನಕಗಿರಿ, ಕಾರಟಗಿ, ಕುಕನೂರು, ಕುರುಗೋಡು, ಕಂಪ್ಲಿ ಹೊಸ ತಾಲ್ಲೂಕುಗಳಾಗಿದ್ದು 2016ರ ಚುನಾವಣೆಯ ನಂತರ. ಅಂದರೆ ತಾಲ್ಲೂಕು ಆದ ಮೇಲೆ ಈ ಯಾವ ಊರಿನವರೂ ತಮ್ಮ ತಾಲ್ಲೂಕು ಪಂಚಾಯಿತಿಗೆ ವೋಟು ಹಾಕಿಲ್ಲ. ಪಕ್ಕದ ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾಗಿದ್ದು 2021ರಲ್ಲಿ. ಆ ಜಿಲ್ಲೆಗೆ ಹುಟ್ಟಿನಿಂದ ಈವರೆಗೆ ಒಂದೂ ಜಿಲ್ಲಾ ಪಂಚಾಯಿತಿ ಚುನಾವಣೆ ಆಗಿಲ್ಲ. 2016ರಲ್ಲಿ 17 ವರ್ಷದವರಾಗಿದ್ದ ಹುಡುಗ ಹುಡುಗಿಯರಿಗೆ ಈಗ 26. ಮದುವೆಯಾಗಿ ಮಕ್ಕಳಿದ್ದಾರೆ. ತಾಲ್ಲೂಕಿಗೆ, ಜಿಲ್ಲೆಗೆ ಯಾರನ್ನೂ ಆರಿಸಿ ಗೊತ್ತಿಲ್ಲ ಅವರಿಗೆ. ಗೊತ್ತಿಲ್ಲದ್ದನ್ನು ಯಾರು ಕೇಳುತ್ತಾರೆ? ಇನ್ನೊಂದು ಹತ್ತು ವರ್ಷ ಹೀಗೇ ಹೋದರೆ, ಅಂಥದ್ದೊಂದು ಇತ್ತು ಅನ್ನುವುದೇ ಮರೆತುಹೋಗುತ್ತದೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯಿಂದ ನಮಗೆ ಉದ್ಯೋಗ, ಸೀಟು ಸಿಕ್ಕವು, ಒಳ್ಳೆಯದಾಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಬಜೆಟ್‌ನಲ್ಲಿ ಹೇಳುತ್ತಾರೆ. ಸಂತೋಷ. ಆ ದುಡ್ಡಿನಲ್ಲಿ ಯಾವ ಊರಿಗೆ ಏನು ಬೇಕು ಎಂದು ಆ ಊರಿನವರ ಬಾಯಿಂದ ಕೇಳುವ ಜಾಗ ಯಾವುದು? ಜಿಲ್ಲಾ ಯೋಜನಾ ಸಮಿತಿ ಎಂದು ಸಂವಿಧಾನವೇ ಒಂದನ್ನು ಹೇಳಿದೆ. ಅದರಲ್ಲಿ ಕೂರಬೇಕಾದವರಲ್ಲಿ ಹೆಚ್ಚಿನವರು ಪಂಚಾಯಿತಿ, ನಗರಸಭೆಗಳಿಂದ ಆರಿಸಿ ಬಂದವರು. ಜಿಲ್ಲಾ ಪಂಚಾಯಿತಿಯೇ ಇಲ್ಲದಿದ್ದರೆ ಆ ಸಮಿತಿಗೆ ಹಳ್ಳಿಯ ಕಡೆಯಿಂದ ಯಾರು ಬರುತ್ತಾರೆ?

ಶಾಸಕರೇ, ನೀವು ಯಾಕೆ ಸುಮ್ಮನಿದ್ದೀರಿ ಅನ್ನುವುದು ನನಗೆ ಅರ್ಥವಾಗುತ್ತದೆ. ಬೇಜಾರಾಗಬೇಡಿ, ನೇರವಾಗಿ ಹೇಳುತ್ತೇನೆ. ತಾಲ್ಲೂಕಿನಲ್ಲಿ ಇನ್ನೊಂದು ಅಧಿಕಾರ ಇದ್ದರೆ ನಿಮ್ಮ ಮಾತು ಸ್ವಲ್ಪ ಕಡಿಮೆ ನಡೆಯುತ್ತದೆ. ಈಗ ಇಲಾಖೆಗಳ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಎದುರು ಕೂರುವವರೆಲ್ಲ ಅಧಿಕಾರಿಗಳು. ಮನೆ ಯಾರಿಗೆ, ಬೋರ್‌ವೆಲ್ ಎಲ್ಲಿ, ರಸ್ತೆ ಯಾವ ಕಡೆಗೆ, ಎಲ್ಲದಕ್ಕೂ ನಿಮ್ಮ ಪತ್ರ ಬೇಕು. ಅಷ್ಟು ಹೊರೆ ನಿಮಗೂ ಒಳ್ಳೆಯದಲ್ಲ. ಬೆಳಗಾದರೆ ನಿಮ್ಮ ಮನೆ ಮುಂದೆ ನಿಲ್ಲುವ ಆ ಜನರಲ್ಲಿ ಮುಕ್ಕಾಲು ಮಂದಿ ಒಂದು ಕಾಲದಲ್ಲಿ ತಾಲ್ಲೂಕು ಪಂಚಾಯಿತಿ ಸದಸ್ಯರ ಮನೆಗೆ ಹೋಗುತ್ತಿದ್ದವರು. ಕಾನೂನಿನ ಪ್ರಕಾರ ನೀವೂ ನಿಮ್ಮ ಕ್ಷೇತ್ರದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಯ ಸದಸ್ಯರು. ಆ ಹಾಲ್‌ನಲ್ಲಿ ಖಾಲಿ ಇರುವ ಕುರ್ಚಿಗಳಲ್ಲಿ ಒಂದು ನಿಮ್ಮದು.

ಮುಂದಿನ ವರ್ಷದ ಮೊದಲ ತಿಂಗಳುಗಳಲ್ಲಿ ಗ್ರಾಮ ಪಂಚಾಯಿತಿಗಳ ಅವಧಿಯೂ ಮುಗಿಯುತ್ತದೆ. ಉಳಿದಿರುವುದು ಅದೊಂದೇ ಮೆಟ್ಟಿಲು. ಅದಕ್ಕೂ ಇದೇ ಗತಿ ಬಂದರೆ ಹಳ್ಳಿಯಿಂದ ವಿಧಾನಸೌಧದವರೆಗೆ ನಡುವೆ ಜನ ಆರಿಸಿದವರು ನೀವೊಬ್ಬರೇ.

ಹಾಗಾಗಿ ಕೇಳುತ್ತಿದ್ದೇನೆ. ಮುಂದಿನ ಅಧಿವೇಶನದಲ್ಲಿ ಹದಿನೇಳೂ ಜನ, ಪಕ್ಷ ಬದಿಗಿಟ್ಟು, ಒಂದೇ ಪ್ರಶ್ನೆ ಎತ್ತಿ: ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವ ದಿನ? ಶೀಘ್ರದಲ್ಲಿ ಅನ್ನುವ ಉತ್ತರ ನಾಲ್ಕು ವರ್ಷದಿಂದ ಕೇಳಿದ್ದೇವೆ. ಮೀಸಲಾತಿ ಪಟ್ಟಿ ಯಾವ ದಿನ, ಅಧಿಸೂಚನೆ ಯಾವ ದಿನ, ಮತದಾನ ಯಾವ ದಿನ ಎಂದು ಬರಹದಲ್ಲಿ ತಗೊಳ್ಳಿ. ಗ್ರಾಮ ಪಂಚಾಯಿತಿ ಚುನಾವಣೆ ಅವಧಿಯೊಳಗೆ ಮುಗಿಯಬೇಕು ಅಂತಲೂ ಸೇರಿಸಿ. ನಿಮ್ಮಲ್ಲಿ ಒಬ್ಬರು ಎದ್ದರೂ ಸಾಕು, ಉಳಿದವರು ಕೂತಿರುವುದು ಕಷ್ಟ ಆಗುತ್ತದೆ.

ಕಳೆದ ವಾರ ಸಂತೆಯಲ್ಲಿ ಆ ನನ್ನ ವಿದ್ಯಾರ್ಥಿನಿ ಸಿಕ್ಕಿದ್ದಳು. ತಲೆಯ ಮೇಲೆ ಜೋಳದ ಗಂಟು. ಕೆಳಗಿಳಿಸಿ ಮಾತಾಡಿಸಿದಳು. ಹಳೆಯ ಫೈಲುಗಳನ್ನು ಟ್ರಂಕಿನಲ್ಲಿ ಇಟ್ಟಿದ್ದಾಳಂತೆ, ಇಲಿ ಕಡಿಯದ ಹಾಗೆ ಪ್ಲಾಸ್ಟಿಕ್ ಸುತ್ತಿ. "ಅಕ್ಕೋರ, ಎಲೆಕ್ಷನ್ ಯಾವಾಗ್ರಿ? ಈ ಸಲ ಜನರಲ್ ಸೀಟ್ ಬಂದರೂ ನಿಲ್ತೀನಿ" ಅಂದಳು. ನನಗೆ ಗೊತ್ತಿಲ್ಲವ್ವ ಅಂದೆ. ಕೇಳಿ ಹೇಳ್ರಿ ಅಂದಳು.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಮುಂದಿನ ಸಂತೆಯಲ್ಲಿ ಅವಳಿಗೆ ಹೇಳಲು ನನಗೆ ಒಂದು ತಾರೀಖು ಬೇಕು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ